ಒಂದಗುಳು ಮುಟ್ಟಿ ಹೋಗು

ನಮ್ಮ ಅತ್ತೆ ಜವಾಯ್ ಎಂಥವರು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅವರ ಓಟದ ವಿಷಯ. ಅರವತ್ತೇಳು ವರ್ಷದ ಹೆಂಗಸು ಒಂದು ಕೈಯಲ್ಲಿ ಅನ್ನದ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಸೀರೆಯಂತೆ ಸುತ್ತಿದ ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಹೊಳೆಯ ಮೆಟ್ಟಿಲು ಇಳಿದು ಓಡುವುದನ್ನು ಒಂದೇ ಸೂರಿನಡಿ ಸಂಸಾರಕ್ಕೊಂದು ಬಾಗಿಲಿರುವ ನಮ್ಮ ಉದ್ದಮನೆಯ ಇಪ್ಪತ್ತೆರಡು ಬಾಗಿಲಿನವರೂ ಕಂಡಿದ್ದಾರೆ. ದೋಣಿಯಲ್ಲಿ ಕೂತ ನೆಂಟ ಇಂಜಿನ್ನಿನ ಹಗ್ಗ ಎಳೆಯುವಷ್ಟರಲ್ಲಿ ಆ ತಟ್ಟೆ ಅವನ ಮೂಗಿನ ಮುಂದೆ ಇರಬೇಕು.

“ತಿನ್ನಬೇಡಪ್ಪ. ಒಂದಗುಳು ಮುಟ್ಟಿ ಹೋಗು.”

ನೆಂಟ ಬೆರಳಿಗೆ ಒಂದಗುಳು ತಾಗಿಸಿ, ಆ ಬೆರಳನ್ನು ತುಟಿಗೆ ಒತ್ತಿಕೊಂಡರೆ ಮುಗಿಯಿತು. ಅತ್ತೆಯ ಮುಖದಲ್ಲಿ ರಕ್ತ ಮರಳಿ ಬರುತ್ತದೆ. ಮುಟ್ಟದೆ ಹೋದರೆ ತಗಲುವ ಕೇಡಿಗೆ ನಮ್ಮ ಇಬಾನ್ ಜನರಲ್ಲಿ ಪುನಿ ಎನ್ನುತ್ತಾರೆ. ಕೊಟ್ಟ ಊಟವನ್ನು ಮುಟ್ಟದೆ ಎದ್ದುಹೋದವನನ್ನು ದಾರಿಯಲ್ಲಿ ಏನೋ ಒಂದು ಕಾದಿರುತ್ತದೆ: ಹಾವು, ಜರಿ, ಮೊಸಳೆ, ಮಗುಚುವ ದೋಣಿ. ನಾವು ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವವರೇ. ಆದರೂ ನಮ್ಮ ಪಾದ್ರಿಗಳು ಸಹ ದೋಣಿ ಹತ್ತುವ ಮುಂಚೆ ಕಾಫಿ ಲೋಟವನ್ನು ಒಮ್ಮೆ ಸವರಿ ಹೋಗುತ್ತಾರೆ. ಯಾಕೆ ಸುಮ್ಮನೆ ತೊಂದರೆ ಎಂದು.

ನಾನೇ ಹಾಗೆ ಸಿಕ್ಕಿಬಿದ್ದವಳು. ಹತ್ತೊಂಬತ್ತರ ವಯಸ್ಸಿನಲ್ಲಿ ಸುಗ್ಗಿಯ ಹಬ್ಬಕ್ಕೆಂದು ಬೇರೆ ಹೊಳೆಯಿಂದ ಅಪ್ಪನ ಜೊತೆ ಬಂದಿದ್ದೆ. ಹೊಟ್ಟೆ ಬಿರಿಯುವಷ್ಟು ತಿಂದು ದೋಣಿ ಹತ್ತಿದರೆ, ಈ ಹೆಂಗಸು ನೀರಿಗೇ ಇಳಿದು ಬಂದು, “ನಮ್ಮ ಬಾಗಿಲಿನದ್ದು ನೀನು ಮುಟ್ಟಿಲ್ಲ ಮಗಳೆ” ಎಂದು ತಟ್ಟೆ ಹಿಡಿದರು. ಹಿಂದೆ ಅವರ ಮಗ ದೋಣಿಯ ಹಗ್ಗ ಹಿಡಿದು ನಿಂತು ನಗುತ್ತಿದ್ದ. ಮುಟ್ಟದೆ ಹೋಗಿದ್ದರೆ ಹಾವು ಕಚ್ಚುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಮುಟ್ಟಿದ್ದಕ್ಕೆ ಮದುವೆಯಂತೂ ಆಯಿತು.

ಮದುವೆಯಾಗಿ ಬಂದ ಮೇಲೆ ಈ ಓಟ ನನಗೆ ತಲೆನೋವಾಯಿತು, ನಿಜ ಹೇಳುತ್ತೇನೆ. ಬಾಗಿಲು ಇಪ್ಪತ್ತೆರಡು ಇದ್ದರೂ ಸೂರು ಒಂದೇ, ಮುಂದಿನ ಜಗಲಿ ಒಂದೇ. ಯಾರ ಮನೆಗೆ ಬಂದ ನೆಂಟನಾದರೂ ನಮ್ಮ ಬಾಗಿಲ ಮುಂದೆ ಹಾದೇ ಹೋಗಬೇಕು. ರಸ್ತೆ ಅಳೆಯಲು ಬಂದವನಿಗೆ ಹೊಟ್ಟೆಹುಣ್ಣು, ಅವನೂ ಮುಟ್ಟಬೇಕು. ನೀರು ಸೋಸುವ ಯಂತ್ರ ಮಾರಲು ಬಂದವನು ಒಂದನ್ನೂ ಮಾರಲಿಲ್ಲ, ಆದರೆ ಕೈಯೆಲ್ಲ ಅಂಟು ಮಾಡಿಕೊಂಡು ಹೋದ. ರೋಜಾ ಉಪವಾಸದ ತಿಂಗಳಲ್ಲಿ ಬಂದ ಮಲಯ ನರ್ಸಮ್ಮ ಮಾತ್ರ ತಾನಾಗಿಯೇ ಬೆರಳು ಚಾಚಿ, “ನಮ್ಮಮ್ಮನೂ ಹೀಗೇ ಓಡ್ತಾರೆ” ಎಂದು ನಕ್ಕಳು.

ಒಂದು ದಿನ ಸೊಪ್ಪು ಸೋಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ.

“ಅತ್ತೆ, ಮನೆ ನಮ್ದು, ಕಟ್ಟಳೆ ನಮ್ದು. ಬಂದೋರ ತಲೆ ಮೇಲೆ ಯಾಕೆ ಹೊರಿಸ್ತೀರಿ? ಅವರೇನು ನಮ್ಮ ಹಾವಿಗೆ ಹೆದರ್ತಾರಾ?”

“ಅವರು ಹೆದರದೆ ಇರಬಹುದು. ನಾನು ಹೆದರ್ತೀನಲ್ಲ.”

“ಅದು ನಿಮ್ಮ ಕಷ್ಟ.”

“ಹೌದು, ನನ್ನ ಕಷ್ಟವೇ. ನನ್ನ ಮೆಟ್ಟಿಲು ಇಳಿದು ಹೋಗೋರಿಗೆ ಏನಾದ್ರೂ ಆದ್ರೆ ಅದನ್ನ ಹೊತ್ಕೊಳ್ಳೋಳು ನಾನು. ಒಂದು ಬೆರಳು ತಾಗಿಸಿದ್ರೆ ಅವರದೇನು ಸವೆದು ಹೋಗುತ್ತೆ? ನೀನು ಆ ನಾರು ತೆಗಿ, ಮಾತು ಸಾಕು.”

ಸಾಕು ಎಂದರೆ ಸಾಕು. ಅವರ ಜೊತೆ ವಾದ ಮಾಡಿ ಗೆದ್ದವರು ನಮ್ಮ ಜಗಲಿಯಲ್ಲಿ ಇಲ್ಲ. ಅವರೆದುರು ಗೆಲ್ಲದಿದ್ದರೂ ಸೋಲದೆ ನಿಂತವನು ಒಬ್ಬನೇ, ಉಂಟಿಂಗ್.

ಉಂಟಿಂಗ್ ಅತ್ತೆಯ ತಂಗಿಯ ಮಗ. ಅವನನ್ನು ಹೆತ್ತ ನಾಲ್ಕನೆಯ ದಿನ ತಂಗಿ ತೀರಿಕೊಂಡಳು. ಆಗ ಅತ್ತೆಯ ಕಂಕುಳಲ್ಲಿ ನನ್ನ ಗಂಡನಿದ್ದ. ಒಂದು ಮೊಲೆ ಇವನಿಗೆ, ಒಂದು ಮೊಲೆ ಅವನಿಗೆ ಎಂದು ಇಬ್ಬರನ್ನೂ ಸಾಕಿದರು. ನನ್ನ ಗಂಡ ಈಗಲೂ ರೇಗಿಸುತ್ತಾನೆ, ಹೆಚ್ಚು ಹಾಲಿದ್ದ ಕಡೆಯನ್ನು ಉಂಟಿಂಗ್‌ಗೇ ಕೊಟ್ಟರು, ಅದಕ್ಕೇ ಅವನು ಆರು ಅಡಿ ಎಂದು. ದೊಡ್ಡವನಾದ ಮೇಲೆ ಉಂಟಿಂಗ್ ಸಿಬು ಪಟ್ಟಣಕ್ಕೆ ಹೋದ. ದೋಣಿ ಇಂಜಿನ್ ರಿಪೇರಿ ಕಲಿತ, ಜೊತೆಗೆ ಕುಡಿತವನ್ನೂ ಕಲಿತ. ಆ ಕುಡಿತದಿಂದ ಅವನನ್ನು ಎತ್ತಿದ್ದು ಅಲ್ಲಿನ ಒಂದು ಚಿಕ್ಕ ಪ್ರಾರ್ಥನಾ ಮಂಡಳಿ. ಅದನ್ನು ನಾವು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅವರ ಕಟ್ಟುನಿಟ್ಟು ಬಹಳ.

ಎರಡು ವರ್ಷದ ಹಿಂದೆ ಅತ್ತೆ ಕಣ್ಣು ತೋರಿಸಲು ಸಿಬುಗೆ ಹೋದವರು ನಾಲ್ಕು ದಿನ ಅವನ ಮನೆಯಲ್ಲಿ ಉಳಿದರು. ನಾನು ಜೊತೆಗಿದ್ದೆ. ಅವನ ಮನೆಯ ಕಟ್ಟಳೆಗಳನ್ನು ಅವನ ಹೆಂಡತಿ ಬಾಗಿಲಲ್ಲೇ ಹೇಳಿದಳು, ಒಳ್ಳೆಯ ಮಾತಿನಲ್ಲೇ. ಹೊಗೆಸೊಪ್ಪು ಇಲ್ಲ, ಎಲೆಅಡಿಕೆ ಇಲ್ಲ, ಊಟಕ್ಕೆ ಮುಂಚೆ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ. ಹನ್ನೆರಡನೆಯ ವಯಸ್ಸಿನಿಂದ ಎಲೆಅಡಿಕೆ ಅಗಿದ ಬಾಯಿ ನಮ್ಮ ಅತ್ತೆಯದು. ನಾಲ್ಕು ದಿನ ಅಡಿಕೆ ಡಬ್ಬಿ ಚೀಲದಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಸುಮ್ಮನೆ ದವಡೆ ಆಡಿಸುತ್ತ ಕೂತಿದ್ದರು. “ಬೀದಿಗೆ ಹೋಗಿ ಹಾಕ್ಕೊಂಡು ಬರೋಣ ಬನ್ನಿ” ಎಂದು ನಾನು ಕಿವಿಯಲ್ಲಿ ಹೇಳಿದರೆ, “ಬಾಯಿ ಕೆಂಪಾಗಿ ಒಳಗೆ ಬಂದ್ರೆ ಆ ಹುಡುಗಿ ಮುಖ ಏನಾಗ್ಬೇಕು?” ಎಂದು ನನಗೇ ಗದರಿದರು.

ಅದರ ಮರುವರ್ಷ ಉಂಟಿಂಗ್ ಇಲ್ಲಿಗೆ ಬಂದ. ತನ್ನ ಮಂಡಳಿಯ ಇಬ್ಬರನ್ನೂ ಕರೆತಂದಿದ್ದ. ಅತ್ತೆ ಜರಿಗಿಡದ ಚಿಗುರು ಹುರಿದು, ಬಿದಿರ ಕೊಳವೆಯಲ್ಲಿ ಮೀನು ಬೇಯಿಸಿ, ಜಗಲಿಯಲ್ಲಿ ಚಾಪೆ ಹಾಸಿ ಬಡಿಸಿದರು. ಆ ಇಬ್ಬರೂ ತಲೆ ತಗ್ಗಿಸಿ ಕೂತರು. ಉಂಟಿಂಗ್ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದ.

“ದೊಡ್ಡಮ್ಮ, ಏಳು ದಿನದ ಉಪವಾಸ ನಡೀತಿದೆ. ಹೊತ್ತು ಮುಳುಗೋವರೆಗೂ ಏನೂ ತಿನ್ನಲ್ಲ.”

“ತಿನ್ನು ಅಂದ್ನಾ ನಾನು? ಒಂದಗುಳು ಮುಟ್ಟು, ತುಟಿಗೆ ತಾಗಿಸ್ಕೊ. ಉಪವಾಸ ಏನೂ ಕೆಡಲ್ಲ.”

“ಅದೇ ಆಗಲ್ಲ ಅನ್ನೋದು. ಹಸಿವು ತಡೀದೆ ತಿಂದ್ರೆ ದೇವರು ಕ್ಷಮಿಸ್ತಾನೆ. ಹಾವಿಗೆ ಹೆದರಿ ಮುಟ್ಟಿದ್ರೆ, ದೇವರಿಗಿಂತ ಹಾವೇ ದೊಡ್ಡದು ಅಂತ ನಾನು ಒಪ್ಕೊಂಡ ಹಾಗೆ. ಕುಡಿಯೋದು ಬಿಟ್ಟಾಗ ಮಾತು ಕೊಟ್ಟಿದೀನಿ, ಇನ್ನು ಯಾವುದಕ್ಕೂ ಹೆದರಿ ಬಾಳಲ್ಲ ಅಂತ.”

“ನಿನ್ನ ಮನೇಲಿ ನಾಲ್ಕು ದಿನ ನಾನು ಡಬ್ಬಿ ಮುಚ್ಚಳ ತೆಗೀಲಿಲ್ಲ ಕಣೋ. ಒಂದು ಮಾತು ಆಡಿದ್ನಾ?”

“ಅಲ್ಲಿ ನೀನು ನೆಂಟಳು.”

“ಇಲ್ಲಿ ನೀನು ಯಾರು?”

“ಮಗ ಅಂದ್ಕೊಂಡಿದ್ದೆ.”

ನನಗೆ ಅವನ ಮೇಲೆ ಸಿಟ್ಟು ಬಂತು, ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣದ್ದಕ್ಕೆ ಇನ್ನೂ ಹೆಚ್ಚು ಸಿಟ್ಟು ಬಂತು. ಅವನು ಎದ್ದು ದೊಡ್ಡಮ್ಮನ ಕಾಲು ಮುಟ್ಟಿ, ಮೆಟ್ಟಿಲಿಳಿದು ಹೋದ. ಅತ್ತೆ ತಟ್ಟೆ ಹಿಡಿದು ಓಡಿದರು. ಇವರು ಕೆಳಗೆ ಮುಟ್ಟುವಾಗ ದೋಣಿ ತಿರುವಿನಲ್ಲಿತ್ತು. ಉಂಟಿಂಗ್ ಹಿಂದೆ ತಿರುಗಿ ನೋಡಿದ, ಕೈ ಬೀಸಿದ, ದೋಣಿ ನಿಲ್ಲಿಸಲಿಲ್ಲ.

ಅವನಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಅತ್ತೆಗೆ. ಅವನು ಸಿಬು ಮುಟ್ಟಿದನೋ ಇಲ್ಲವೋ ಎಂದು ತಿಳಿಯಲು ಫೋನ್ ಮಾಡಬೇಕು, ಫೋನ್ ಹಿಡಿಯುವುದು ಹಿಂದಿನ ಗುಡ್ಡದ ತುದಿಯಲ್ಲಿ ಮಾತ್ರ. ಮೊದಲ ದಿನ ಅವನು ಎತ್ತಲಿಲ್ಲ. ಎರಡನೆಯ ದಿನವೂ ಎತ್ತಲಿಲ್ಲ. ನಾನು ಹೋಗುತ್ತೇನೆ ಎಂದರೆ ಕೇಳದೆ ಮೂರನೆಯ ದಿನವೂ ಅತ್ತೆಯೇ ಗುಡ್ಡ ಹತ್ತಿದರು. ಅವನು “ಚೆನ್ನಾಗಿದೀನಿ ದೊಡ್ಡಮ್ಮ, ನೋಡು, ಏನೂ ಆಗಿಲ್ಲ” ಎಂದನಂತೆ. ಆ ಖುಷಿಯಲ್ಲಿ ಇಳಿಯುವಾಗ ಕಾಲು ಜಾರಿ ಪಾದದ ಗಂಟು ಉಳುಕಿಸಿಕೊಂಡರು. ಪುನಿ ವಿಳಾಸ ತಪ್ಪಿ ಬಂದಿದೆ ಎಂದು ಜಗಲಿಯವರು ನಕ್ಕರು. ಅತ್ತೆಯೂ ನಕ್ಕರು. ಆದರೆ ಪಾದ ಹಂಡೆಯ ಹಾಗೆ ಊದಿತು.

ಮೂರು ವಾರ ಕಳೆದರೂ ಊತ ಇಳಿಯಲಿಲ್ಲ. ಸುದ್ದಿ ತಿಳಿದ ಉಂಟಿಂಗ್, ಶನಿವಾರ ಬರುತ್ತೇನೆ, ಒಂದೆರಡು ತಾಸು ಇದ್ದು ಸಂಜೆಯೊಳಗೆ ಹಿಂತಿರುಗಬೇಕು ಎಂದು ಹೇಳಿಕಳಿಸಿದ. ಶನಿವಾರ ಬೆಳಿಗ್ಗೆ ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

“ಸೆನಿಯಾ, ಎಲ್ಲಾ ಬಾಗಿಲಿಗೂ ಹೋಗಿ ಹೇಳಿ ಬಾ. ಇವತ್ತು ಉಂಟಿಂಗ್ ಬಂದಾಗ ಯಾರೂ ಅವನಿಗೆ ಏನೂ ಕೊಡಬಾರದು. ಕಾಫಿ ಕುಡೀತೀಯಾ, ನೀರು ಬೇಕಾ, ಒಂದು ಮಾತೂ ಬಾಯಿಂದ ಬರಬಾರದು.”

“ಏನು ಅತ್ತೆ ಇದು? ನಾಯಿ ಬಂದ್ರೂ ಏನಾದ್ರೂ ಹಾಕ್ತೀವಿ.”

“ಕೊಟ್ರೆ ತಾನೆ ಅವನು ಬೇಡ ಅನ್ನೋದು? ಬೇಡ ಅಂದ್ರೆ ತಾನೆ ಅವನಿಗೆ ಆಪತ್ತು? ಕೇಳಲೇ ಇಲ್ಲ ಅಂದ್ರೆ ಏನೂ ಇಲ್ಲ.”

ನಾನು ಅವರ ಮುಖ ನೋಡಿದೆ. ಕಟ್ಟಳೆಯ ಆ ಬದಿ ನಮಗೆಲ್ಲ ಗೊತ್ತಿರುವುದೇ. ಅವಸರದಲ್ಲಿರುವವನನ್ನು ಊಟಕ್ಕೆ ಕರೆಯಬಾರದು, ಕರೆದು ಅವನನ್ನು ಸಿಕ್ಕಿಸಬಾರದು. ಆದರೆ ಮೂರು ತಲೆಮಾರಿನ ನೆಂಟರನ್ನು ನೀರಿಗಿಳಿದು ಅಟ್ಟಿಸಿಕೊಂಡು ಹೋಗಿ ಉಣಿಸಿದ ಹೆಂಗಸು, ತನ್ನ ಹಾಲು ಕುಡಿದವನಿಗೆ ಒಂದು ಲೋಟ ನೀರನ್ನೂ ಕೊಡದೆ ಕೂರುತ್ತೇನೆ ಎನ್ನುತ್ತಿದ್ದರು. ಅವನು ಏನೆಂದುಕೊಳ್ಳುತ್ತಾನೆ ಎಂದು ಕೇಳಿದೆ. “ಏನಾದ್ರೂ ಅಂದ್ಕೊಳ್ಳಲಿ. ಸಿಬು ಮುಟ್ಟಲಿ” ಎಂದರು.

ಇಪ್ಪತ್ತೆರಡು ಬಾಗಿಲಿಗೂ ಹೇಳಿದೆ. ಕೊನೆಯ ಬಾಗಿಲಿನ ಜಬು ಅಜ್ಜನಿಗೂ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಅವರಿಗೆ ಕಿವಿ ಕೇಳಿಸುವುದಿಲ್ಲ, ಆದರೆ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ತಲೆಯಾಡಿಸಿದರು.

ಉಂಟಿಂಗ್ ಹತ್ತು ಗಂಟೆಗೆ ಬಂದ. ನೋವಿನ ಎಣ್ಣೆ ತಂದಿದ್ದ. ದೊಡ್ಡಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ. ಅತ್ತೆ ಗೋಡೆಗೊರಗಿ ಅವನ ತಲೆಯನ್ನೇ ನೋಡುತ್ತಿದ್ದರು. ಮಾತು ಮಳೆಯ ಬಗ್ಗೆ ಆಯಿತು, ಇಂಜಿನ್ ಬಗ್ಗೆ ಆಯಿತು, ಅವನ ಮಗಳ ಶಾಲೆಯ ಬಗ್ಗೆ ಆಯಿತು. ಹನ್ನೊಂದಾಯಿತು. ಹನ್ನೆರಡಾಯಿತು. ಜಗಲಿಯ ಹೆಂಗಸರು ಬಂದು ಕೂತು, ಬಾಯಿ ತೆರೆದು, ನೆನಪಾಗಿ ಮುಚ್ಚಿ, ಎದ್ದುಹೋದರು. ಪಕ್ಕದ ಬಾಗಿಲಿನವಳು ತನ್ನ ಕಾಫಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದಾಟಿದಳು. ಉಂಟಿಂಗ್ ಒಂದು ಸಲ ಅಡುಗೆ ಕೋಣೆಯ ಕಡೆ ನೋಡಿದ. ಒಲೆ ಆರಿತ್ತು. ಅವನ ಮುಖ ಸಣ್ಣದಾದದ್ದು ನನಗೆ ಕಂಡಿತು, ಅತ್ತೆಗೂ ಕಂಡಿರಬೇಕು. ನನಗೆ ಅಲ್ಲಿ ಕೂರಲಾಗಲಿಲ್ಲ.

ಒಂದು ಗಂಟೆಗೆ ಅವನು ಎದ್ದ. “ಬರ್ತೀನಿ ದೊಡ್ಡಮ್ಮ” ಎಂದ. “ಹುಷಾರಾಗಿ ಹೋಗು” ಎಂದರು ಅತ್ತೆ. ಇಷ್ಟೇ. ಜಗಲಿಯುದ್ದಕ್ಕೂ ನಡೆದು ಅವನು ಕೊನೆಯ ಬಾಗಿಲು ದಾಟುವಾಗ, ಬಲೆ ಹೆಣೆಯುತ್ತ ಕೂತಿದ್ದ ಜಬು ಅಜ್ಜ ತಲೆಯೆತ್ತಿ, ಕಿವುಡರು ಕೂಗುವಂತೆ ಕೂಗಿದರು.

“ಏ ಉಂಟಿಂಗಾ! ಊಟದ ಹೊತ್ತಲ್ಲಿ ಎಲ್ಲಿಗೋ? ಉಂಡ್ಕೊಂಡು ಹೋಗು! ನಿನ್ನ ದೊಡ್ಡಮ್ಮ ಕೋಳಿ ಕೂಗೋಕೆ ಮುಂಚೆನೇ ಬಿದಿರಲ್ಲಿ ಮೀನು ಬೇಯಿಸಿದ್ದಾಳೆ. ನನ್ನ ಕಿವಿ ಹೋಗಿದೆ, ಮೂಗು ಹೋಗಿಲ್ಲ!”

ಉಂಟಿಂಗ್ ನಿಂತು, ಹಿಂದೆ ತಿರುಗಿದ.

“ಮೀನು ಮಾಡಿದ್ಯಾ ದೊಡ್ಡಮ್ಮ?”

ಅತ್ತೆಯ ಕಣ್ಣು ಅಡುಗೆ ಕೋಣೆಯ ಕಡೆ ಹೋಯಿತು. ಸುಳ್ಳು ಅವರಿಗೆ ಬರುವುದಿಲ್ಲ.

“ಮಾಡಿ ಬಚ್ಚಿಟ್ಯಾ? ಅಷ್ಟು ಬೇಡವಾದ್ನಾ ನಾನು?”

ಅವನು ದಡದಡನೆ ಮೆಟ್ಟಿಲಿಳಿದ. ಈಗ ಕರೆದದ್ದೂ ಆಗಿತ್ತು, ಅವನು ಮುಟ್ಟದೆ ಹೊರಟದ್ದೂ ಆಗಿತ್ತು. ನಾನು ಅತ್ತೆಯ ಮುಖ ನೋಡಿದೆ, ಆಮೇಲೆ ಓಡಿದೆ. ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ನಾನು ಹೊಳೆಗೆ ಹಾಗೆ ಓಡಿದ್ದು ಅದೇ ಮೊದಲು. ತಟ್ಟೆ ಇರಲಿಲ್ಲ, ಬಾಯಿ ಇತ್ತು.

“ನಿಲ್ಲೋ ಉಂಟಿಂಗ್! ದೊಡ್ಡ ದೇವರ ಮಗ, ನಿಲ್ಲು!”

“ಬಿಡು ಅತ್ತಿಗೆ. ಅವತ್ತು ಮುಟ್ಟಲಿಲ್ಲ ಅಂತ ಇವತ್ತು ಶಿಕ್ಷೆ. ಅರ್ಥ ಆಯ್ತು.”

“ನಿನ್ನ ತಲೆ ಅರ್ಥ ಆಯ್ತು. ಕೊಟ್ರೆ ನೀನು ಬೇಡ ಅಂತೀಯ, ಬೇಡ ಅಂದ್ರೆ ನಿನಗೆ ಏನಾದ್ರೂ ಆಗುತ್ತೆ ಅಂತ ಅವರಿಗೆ ಭಯ. ಮುಟ್ಟು ಅಂತ ಬಲವಂತ ಮಾಡಿದ್ರೆ ನಿನ್ನ ದೇವರಿಗೆ ಕೊಟ್ಟ ಮಾತು ಕೆಡುತ್ತೆ. ನಿನ್ನ ಮಾತೂ ಉಳೀಬೇಕು, ನಿನ್ನ ಜೀವಾನೂ ಉಳೀಬೇಕು. ಎರಡಕ್ಕೂ ಇದೊಂದೇ ದಾರಿ ಅಂತ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರು ಕಣೋ. ಬೆಳಗಿಂದ ಇಪ್ಪತ್ತೆರಡು ಬಾಗಿಲಿಗೆ ನನ್ನ ಅಲೆಸಿದ್ದಾರೆ. ನೀನು ಶಿಕ್ಷೆ ಅಂತೀಯ!”

ಅವನ ಕೈಯಲ್ಲಿ ಇಂಜಿನ್ನಿನ ಹಗ್ಗವಿತ್ತು. ಅದನ್ನು ಅವನು ಎಳೆಯಲಿಲ್ಲ. ಅವನ ಕಣ್ಣು ನನ್ನ ತಲೆಯ ಮೇಲಿಂದ ಮೆಟ್ಟಿಲ ತುದಿಗೆ ಹೋಯಿತು. ನಾನು ತಿರುಗಿದೆ.

ಅತ್ತೆ ಅಲ್ಲಿ ನಿಂತಿದ್ದರು. ಊದಿದ ಪಾದವನ್ನು ನೆಲಕ್ಕೆ ತಾಗಿಸದೆ, ಒಂದೇ ಕಾಲಿನಲ್ಲಿ, ಒಂದು ಕೈಯಿಂದ ಕಂಬ ಹಿಡಿದು, ಇನ್ನೊಂದರಲ್ಲಿ ತಟ್ಟೆ. ಅನ್ನದ ಮೇಲೆ ಮೀನು. ಕುಂಟುತ್ತ ಬಂದ ರಭಸಕ್ಕೆ ಅರ್ಧ ಅನ್ನ ಚೆಲ್ಲಿ, ಕೋಳಿಗಳು ಹಿಂದೆ ಹೆಕ್ಕುತ್ತಿದ್ದವು. ಅವರು ಮುಟ್ಟು ಎನ್ನಲಿಲ್ಲ. ಮೊದಲ ಮೆಟ್ಟಿಲಿಗೆ ಆ ಕೆಟ್ಟ ಕಾಲನ್ನೇ ಇಳಿಸಲು ಹೊರಟರು.

“ಅಲ್ಲೇ ನಿಲ್ಲು ದೊಡ್ಡಮ್ಮ! ಇಳೀಬೇಡ!” ಎಂದು ಉಂಟಿಂಗ್ ಚೀರಿದ. ದೋಣಿಯಿಂದ ನೀರಿಗೆ ಹಾರಿ, ಮೂರು ಮೂರು ಮೆಟ್ಟಿಲು ಒಟ್ಟಿಗೆ ಹತ್ತಿ ಹೋಗಿ, ತಟ್ಟೆ ಸಮೇತ ಅವರನ್ನು ಹಿಡಿದುಕೊಂಡ.

“ಮುಟ್ಟಲ್ಲ ನಾನು” ಎಂದ. “ಇವತ್ತು ಉಪವಾಸ ಇಲ್ಲ. ಬೆಳಗಿಂದ ಹೊಟ್ಟೆ ಹಸಿದು ಸಾಯ್ತಿದೀನಿ. ಕೂತು ಉಣ್ತೀನಿ. ಹಾವಿಗಲ್ಲ, ಹಸಿವಿಗೆ. ಆಗುತ್ತಾ?”

“ಆಗುತ್ತೆ” ಎಂದರು ಅತ್ತೆ. “ಇದರಲ್ಲಿ ಕಡಿಮೆಯಾಯ್ತು, ಒಳಗಿದೆ ಇನ್ನೂ.”

ಜಗಲಿಯಲ್ಲಿ ಚಾಪೆ ಬಿತ್ತು. ಆ ಮೇಲೆ ನೋಡಬೇಕಿತ್ತು ನೀವು. ಎಲ್ಲ ಬಾಗಿಲಿನವರೂ ಬೆಳಗಿನಿಂದ ತಡೆದಿಟ್ಟುಕೊಂಡದ್ದನ್ನೆಲ್ಲ ತಂದು ಸುರಿದರು: ಕಾಫಿ, ಬಾಳೆಹಣ್ಣು, ಹುರಿದ ಗೆಣಸು. ಉಂಟಿಂಗ್ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತ. ಅವನ ಪ್ರಾರ್ಥನೆ ಉದ್ದ. ಜಬು ಅಜ್ಜ ಗೆಣಸಿಗೆ ಕೈ ಹಾಕಿದರು. ಅತ್ತೆ ಅವರ ಕೈ ಮೇಲೆ ಪಟ್ಟನೆ ಹೊಡೆದು, ತಾವೂ ಕಣ್ಣು ಮುಚ್ಚಿದರು. ನಾವೂ ಮುಚ್ಚಿದೆವು. ಅನ್ನ ಆರುತ್ತಿತ್ತು, ಯಾರೂ ಕದಲಲಿಲ್ಲ.

ಅವನು ಉಂಡ. ಎರಡು ಸಲ ಅನ್ನ ಹಾಕಿಸಿಕೊಂಡ, ಮೀನಿನ ತಲೆಯನ್ನು ಬಿಡಿಸಿ ಚೀಪಿದ. ಹೊರಡುವಾಗ ಮೆಟ್ಟಿಲ ಬಳಿ ನಿಂತು ಹೇಳಿದ.

“ಮುಂದಿನ ಸಲ ಬಂದಾಗ ಹೀಗೆ ಸುಮ್ಮನೆ ಕೂರಬೇಡ ದೊಡ್ಡಮ್ಮ. ಮುಟ್ಟು ಅಂತ ಬೈದಿದ್ದನ್ನ ತಡ್ಕೋಬಹುದು. ಇದನ್ನ ಆಗಲ್ಲ.”

“ಮತ್ತೆ ನಿನ್ನ ಉಪವಾಸ ಇದ್ರೆ?”

“ಮುಗಿಸ್ಕೊಂಡೇ ಬರ್ತೀನಿ. ಹೊಟ್ಟೆ ಖಾಲಿ ಇಟ್ಕೊಂಡು ಬರ್ತೀನಿ.”

ಅತ್ತೆ ಅವನ ಅಂಗಿಯ ಕಾಲರು ಸರಿಮಾಡಿದರು. ದೋಣಿ ತಿರುವು ದಾಟುವವರೆಗೂ ಕಂಬ ಹಿಡಿದು ನಿಂತಿದ್ದರು. ನಾನು ಪಕ್ಕದಲ್ಲಿದ್ದೆ. ಕಟ್ಟಳೆ ಯಾರದು, ಹೊರಬೇಕಾದವರು ಯಾರು ಎಂದು ನಾನು ಅವರ ಜೊತೆ ಎಷ್ಟು ಸಲ ಜಗಳ ಆಡಿದ್ದೆ. ಅವತ್ತಿನ ಬೆಳಗನ್ನು ನೋಡಿದ ಮೇಲೆ ಆ ಜಗಳ ಆಡಲು ನನಗೆ ಬಾಯಿಲ್ಲ.

“ಎರಡು ಸಲ ಹಾಕಿಸ್ಕೊಂಡ, ನೋಡಿದ್ಯಾ?” ಎಂದರು.

“ನೋಡಿದೆ ಅತ್ತೆ.”

“ಸರಿ. ನನಗೂ ಒಂದು ತಟ್ಟೆ ಹಾಕು.”

ಅಡುಗೆ ಕೋಣೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದಾಗ ನನಗೆ ಹೊಳೆಯಿತು. ಮುಂಜಾವಿಗೆ ಎದ್ದು ಮೀನು ಬೇಯಿಸಿದ ಆ ಹೆಂಗಸು, ಅವನಿಗೆ ಕೊಡದ ಅನ್ನವನ್ನು ತಾನೂ ಉಂಡಿರಲಿಲ್ಲ. ಹೊತ್ತು ಮೂರು ಗಂಟೆ ದಾಟಿತ್ತು. ಪಾತ್ರೆಯ ತಳದಲ್ಲಿ ಉಳಿದದ್ದನ್ನೆಲ್ಲ ಬಳಿದು ತಟ್ಟೆಗೆ ಹಾಕಿ ತಂದು ಮುಂದಿಟ್ಟೆ. ಅವರು ಉಣ್ಣುವವರೆಗೂ ನಾನು ಅಲ್ಲಿಂದ ಏಳಲಿಲ್ಲ.